ಕೀಮೋ ನಡುವೆ ಅಕ್ಯುಪಂಕ್ಚರ್ ಮಾಡಿಸುವುದಾದರೆ ಹೀಗೆ ಮಾಡಿಸಿ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಸಲಹೆ ಕೊಡುವವರು ಸಾಲುಗಟ್ಟಿ ನಿಲ್ಲುತ್ತಾರೆ. ಒಬ್ಬರು ಗೋಧಿ ಹುಲ್ಲಿನ ರಸ ಅಂತಾರೆ, ಇನ್ನೊಬ್ಬರು ಲಕ್ಷ್ಮಣ ಫಲದ ಎಲೆ ಕಷಾಯ ಅಂತಾರೆ, ಮತ್ತೊಬ್ಬರು ವಾಟ್ಸಾಪ್‌ಗೆ ಬಂದ ವಿಡಿಯೋ ಕಳಿಸಿ "ಇದೊಂದು ಸಲ ನೋಡಿ" ಅಂತಾರೆ. ಆ ಸಾಲಿನಲ್ಲೇ, ಮೈಗೆ ಅಲ್ಲಲ್ಲಿ ಸಣ್ಣ ಸೂಜಿ ಚುಚ್ಚಿಡುವ ಅಕ್ಯುಪಂಕ್ಚರ್ ಕೂಡ ಬರುತ್ತದೆ. ಅಲ್ಲಿಂದ ಬಂತು ಅಂತ ಅದನ್ನು ತಳ್ಳಿಹಾಕಬೇಡಿ. ಕೀಮೋ, ರೇಡಿಯೇಷನ್, ಹಾರ್ಮೋನ್ ಮಾತ್ರೆಗಳಿಂದ ಬರುವ ಕೆಲವು ತೊಂದರೆಗಳಿಗೆ ಸೂಜಿ ನೆರವಾಗುತ್ತದೆ ಅನ್ನುವುದಕ್ಕೆ ಸರಿಯಾಗಿ ನಡೆಸಿದ ಅಧ್ಯಯನಗಳಿವೆ. ಹಾಗಂತ ಹತ್ತಿರದ ಬೋರ್ಡ್ ನೋಡಿಕೊಂಡು ಸೀದಾ ಹೋಗಿ ಮಲಗಲೂ ಬೇಡಿ. ಆರೋಗ್ಯವಂತರಿಗೆ ಏನೂ ಆಗದ ಸೂಜಿ, ಕೀಮೋ ತಗೊಂಡು ರಕ್ತದ ಕೌಂಟ್ (ರಕ್ತಕಣಗಳ ಸಂಖ್ಯೆ) ಕುಸಿದವರಿಗೆ ಸೋಂಕು ತರಬಹುದು.

ನಮ್ಮ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಜೊತೆಗೆ ಓಡಾಡಿದವಳು ನಾನು. ಆಗ ಓದಿ, ಕೇಳಿ, ನೋಡಿ ತಿಳಿದಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ್ ಮಾತಿಗೆ ಇದು ಬದಲಿ ಅಲ್ಲ, ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅಂತ ಅಷ್ಟೇ.

ಮೊದಲು: ಯಾವುದಕ್ಕೆ ಹೋಗುತ್ತಿದ್ದೀರಿ ಅಂತ ತೀರ್ಮಾನಿಸಿ

ಅಕ್ಯುಪಂಕ್ಚರ್ ಗಡ್ಡೆ ಕರಗಿಸುವುದಿಲ್ಲ. ಕ್ಯಾನ್ಸರ್ ಹರಡುವುದನ್ನು ತಡೆಯುವುದಿಲ್ಲ. ಇದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಮೇಲೆ ಮುಂದೆ ಓದಿ. ಅದು ಮಾಡುವ ಕೆಲಸ, ಚಿಕಿತ್ಸೆ ಕೊಡುವ ಕಷ್ಟವನ್ನು ಸ್ವಲ್ಪ ತಗ್ಗಿಸುವುದು. ಆ "ಸ್ವಲ್ಪ" ಕೂಡ ಎಷ್ಟೋ ಸಲ ದೊಡ್ಡದೇ, ಯಾಕಂದ್ರೆ ಕೀಲು ನೋವು ತಡೆಯಲಾಗದೆ ಹಾರ್ಮೋನ್ ಮಾತ್ರೆಯನ್ನೇ ನಿಲ್ಲಿಸಿಬಿಡುವವರು ಬೇಕಾದಷ್ಟು ಜನ ಇದ್ದಾರೆ.

"ಒಟ್ಟಾರೆ ಚೆನ್ನಾಗಿರಲಿ ಅಂತ" ಹೋಗಬೇಡಿ. ಒಂದು ತೊಂದರೆ ಆರಿಸಿಕೊಳ್ಳಿ.

ವಾಂತಿ, ವಾಕರಿಕೆ ಇದರಲ್ಲಿ ಹಳೆಯದು. 1997ರಲ್ಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಕೀಮೋ ನಂತರದ ವಾಂತಿಗೆ ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆ ಅಂತ ಹೇಳಿತ್ತು. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ ಬಹಳ ಬಲವಾದ ಕೀಮೋ ತಗೊಳ್ಳುತ್ತಿದ್ದ 104 ಹೆಂಗಸರನ್ನು ಮೂರು ಗುಂಪು ಮಾಡಿದ್ದರು. ಬರೀ ಔಷಧಿ ತಗೊಂಡವರಿಗೆ 5 ದಿನದಲ್ಲಿ ಸುಮಾರು 15 ಸಲ ವಾಂತಿಯಾದರೆ, ಔಷಧಿ ಜೊತೆ ಸಣ್ಣ ಕರೆಂಟ್ ಹಾಯಿಸಿದ ಸೂಜಿ ಹಾಕಿಸಿಕೊಂಡವರಿಗೆ 5 ಸಲ. ಆದರೆ ಸೂಜಿ ನಿಲ್ಲಿಸಿದ ಮುಂದಿನ ದಿನಗಳಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಆಗಿನದಕ್ಕಿಂತ ಈಗ ಕೊಡುವ ವಾಂತಿ ಮಾತ್ರೆಗಳು ಎಷ್ಟೋ ಚೆನ್ನಾಗಿವೆ, ಹಾಗಾಗಿ ಸೂಜಿ ಹಾಕಿಸಿದ್ದೀವಲ್ಲ ಅಂತ ಆ ಮಾತ್ರೆ ಬಿಡುವುದು ಶುದ್ಧ ತಪ್ಪು. ಮಾತ್ರೆ ತಗೊಂಡ ಮೇಲೂ ಹೊಟ್ಟೆ ತೊಳಸುವುದು ನಿಲ್ಲದಿದ್ದರೆ ಸೂಜಿಯ ಮಾತು.

ಕೀಲು ನೋವಿಗೆ ಈಗ ಒಳ್ಳೆಯ ಆಧಾರ ಇದೆ. ಸ್ತನ ಕ್ಯಾನ್ಸರ್ ಆದ ಹೆಂಗಸರಲ್ಲಿ ಮುಟ್ಟು ನಿಂತವರಿಗೆ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಥರದ ಹಾರ್ಮೋನ್ ಮಾತ್ರೆಯನ್ನು ವರ್ಷಗಟ್ಟಲೆ ಕೊಡುತ್ತಾರೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದು, ಮಂಡಿ ಹಿಡಿದುಕೊಳ್ಳುತ್ತದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಥ 226 ಹೆಂಗಸರಿದ್ದರು. ನಿಜವಾದ ಸೂಜಿ ಹಾಕಿಸಿಕೊಂಡವರ ನೋವು 10 ಅಂಕದ ಅಳತೆಯಲ್ಲಿ 6 ವಾರಕ್ಕೆ ಸುಮಾರು 2 ಅಂಕ ಇಳಿಯಿತು. ತೋರಿಕೆಗೆ ಸೂಜಿ ಹಾಕಿದವರಲ್ಲೂ, ಏನೂ ಮಾಡಿಸದೆ ಕಾದವರಲ್ಲೂ ಸುಮಾರು 1 ಅಂಕ. ಪವಾಡವೇನಲ್ಲ. ಆದರೆ 7 ಇದ್ದ ನೋವು 5ಕ್ಕೆ ಬಂದರೆ ಚಪಾತಿ ಲಟ್ಟಿಸಬಹುದು, ಮಾತ್ರೆ ಮುಂದುವರಿಸಬಹುದು. 2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಇನ್ನೊಂದು ಸಂಘದ ಜೊತೆ ಸೇರಿ ಹೊರಡಿಸಿದ ನೋವಿನ ಮಾರ್ಗಸೂಚಿಯಲ್ಲಿ ಈ ಕೀಲು ನೋವಿಗೆ ಅಕ್ಯುಪಂಕ್ಚರ್ ಶಿಫಾರಸು ಇದೆ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಆದವರಿಗೆ ಬಾಯಿ ಒಣಗುವುದು ಇನ್ನೊಂದು. ಗುಟ್ಕಾ, ತಂಬಾಕು, ಅಡಿಕೆ ಅಗಿಯುವ ನಮ್ಮ ಕಡೆ ಈ ರೋಗಿಗಳು ಜಾಸ್ತಿ. ಜೊಲ್ಲು ಗ್ರಂಥಿಗಳೇ ಸುಟ್ಟಂತಾಗಿ, ಅನ್ನದ ತುತ್ತಿಗೊಂದು ಗುಟುಕು ನೀರು ಬೇಕು. ಇದಕ್ಕೆ ನಡೆದ ಅಧ್ಯಯನಗಳ ಫಲಿತಾಂಶ ಒಂದೇ ಥರ ಇಲ್ಲ, ಆದರೂ ಪ್ರಯತ್ನಿಸಬಹುದು ಅನ್ನುವ ಮಟ್ಟಕ್ಕೆ ಬಂದಿದೆ. ಮೈಯೆಲ್ಲ ಬಿಸಿಯೇರಿ ಬೆವರುವುದಕ್ಕೂ ಕೆಲವರಿಗೆ ಉಪಯೋಗವಾಗಿದೆ.

ಕೈಕಾಲು ಜೋಮು ಹಿಡಿಯುವುದಕ್ಕೆ ಇನ್ನೂ ಗಟ್ಟಿ ಆಧಾರ ಸಿಕ್ಕಿಲ್ಲ. ಸ್ತನದ ಆಪರೇಷನ್ ಆದ ಮೇಲೆ ತೋಳು ಊದಿಕೊಳ್ಳುತ್ತದಲ್ಲ, ಅದಕ್ಕೆ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರೇ ಸರಿಯಾಗಿ ಪರೀಕ್ಷೆ ಮಾಡಿ ನೋಡಿದರು, ಊತ ಇಳಿಯಲಿಲ್ಲ. ಅದಕ್ಕೆ ಫಿಸಿಯೋಥೆರಪಿ, ಬಿಗಿಯಾದ ತೋಳುಚೀಲ, ಇವೇ ದಾರಿ. ದುಡ್ಡು ಅಲ್ಲಿ ಹಾಕಿ.

ಎರಡನೆಯದು: ಕ್ಯಾನ್ಸರ್ ಡಾಕ್ಟರಿಗೆ ಹೇಳಿ

"ಹೇಳಿದ್ರೆ ಬೈತಾರೆ" ಅಂತ ಮುಚ್ಚಿಡುವವರೇ ಹೆಚ್ಚು. ಬೈದರೆ ಬೈಯಲಿ, ಹೇಳಲೇಬೇಕು. ಒಪಿಡಿಯಲ್ಲಿ ನಿಮಗೆ ಸಿಗುವುದು ನಾಲ್ಕೈದು ನಿಮಿಷ, ಅದರಲ್ಲಿ ಸ್ಕ್ಯಾನ್, ರಕ್ತ, ಮುಂದಿನ ತಾರೀಖು ಎಲ್ಲ ಆಗಬೇಕು. ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾವು ಹೀಗೆ ಕೇಳಿದೆವು: "ಡಾಕ್ಟ್ರೇ, ಇವರಿಗೆ ವಾಕರಿಕೆ ತಡೆಯೋಕಾಗ್ತಿಲ್ಲ. ನೀವು ಕೊಟ್ಟ ಮಾತ್ರೆ ತಗೊಂಡೇ ಅಕ್ಯುಪಂಕ್ಚರ್ ಮಾಡಿಸೋಣ ಅಂತಿದ್ದೀವಿ. ಸೂಜಿ ಹಾಕಬಾರದ ಜಾಗ ಯಾವುದು? ಕೌಂಟ್ ಎಷ್ಟಿದ್ರೆ ಹೋಗಬಹುದು?" ಬೈಗುಳ ಬರಲಿಲ್ಲ. ಅವರು ಪೆನ್ ತೆಗೆದು ಫೈಲಿನಲ್ಲೇ ಎರಡು ಸಾಲು ಬರೆದುಕೊಟ್ಟರು, ಎಡಗೈ ಬೇಡ, ಕೌಂಟ್ ನೋಡಿ ಅಂತ. ಹಾಗೆ ಬರೆಸಿಕೊಳ್ಳಿ. ಸೂಜಿ ಹಾಕುವವರಿಗೆ ಬಾಯಿಮಾತಿಗಿಂತ ಆ ಎರಡು ಸಾಲು ಉಪಯೋಗಕ್ಕೆ ಬರುತ್ತದೆ.

ಅವರಿಂದ ಖಚಿತ ಮಾಡಿಕೊಳ್ಳಬೇಕಾದ್ದು ಇಷ್ಟು. ಮೂಳೆಗೆ, ಅದರಲ್ಲೂ ಬೆನ್ನುಮೂಳೆಗೆ ಹರಡಿದೆಯಾ? ರಕ್ತ ತೆಳು ಮಾಡುವ ಮಾತ್ರೆಯೋ ಇಂಜೆಕ್ಷನ್ನೋ ನಡೆಯುತ್ತಿದೆಯಾ? ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ಯಾವ ಕಡೆ ತೆಗೆದಿದ್ದಾರೆ? ಕೀಮೋ ಪೋರ್ಟ್, ಅಂದ್ರೆ ಔಷಧಿ ಹಾಯಿಸಲು ಚರ್ಮದಡಿ ಕೂರಿಸಿದ ಸಣ್ಣ ಡಬ್ಬಿ, ಎಲ್ಲಿದೆ? ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಕರೆಂಟ್ ಹಾಯಿಸುವ ಸೂಜಿ ಪೂರ್ತಿ ನಿಷಿದ್ಧ. ಗಡ್ಡೆ ಇರುವ ಜಾಗ, ಹುಣ್ಣು, ರೇಡಿಯೇಷನ್‌ನಿಂದ ಕೆಂಪಾಗಿ ಸುಲಿದ ಚರ್ಮ, ಪೋರ್ಟ್ ಸುತ್ತ, ಗಂಟು ತೆಗೆದ ಕಡೆಯ ತೋಳು, ಇಲ್ಲೆಲ್ಲೂ ಸೂಜಿ ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಹೊಸದಾಗಿ ಬಂದ ನೋವಿಗೆ ಸೂಜಿ ಹಾಕಿಸಬೇಡಿ. ಅದು ಯಾಕೆ ಬಂತು ಅಂತ ಮೊದಲು ಆಸ್ಪತ್ರೆಯಲ್ಲಿ ತೋರಿಸಿ. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಮೇಲೆ ಹಿಡಿತ ತಪ್ಪಿದರೆ, ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಅಂಥ ಹೊತ್ತಲ್ಲಿ ಒಂದು ದಿನ ತಡವಾದರೂ ಕಾಲು ಶಾಶ್ವತವಾಗಿ ಹೋಗಬಹುದು.

ಮೂರನೆಯದು: ರಕ್ತದ ರಿಪೋರ್ಟ್ ಓದುವುದು ಕಲಿಯಿರಿ

ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ, ಯಾಕಂದ್ರೆ ಅಪಾಯ ಇರುವುದೇ ಇಲ್ಲಿ. ಪ್ರತಿ ಕೀಮೋಗೆ ಮುಂಚೆ ಸಿಬಿಸಿ ಅಂತ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆ ಹಾಳೆಯಲ್ಲಿ ನಿಮಗೆ ಬೇಕಾದ್ದು ಎರಡೇ ಸಂಖ್ಯೆ.

ಒಂದು ಪ್ಲೇಟ್‌ಲೆಟ್. ರಕ್ತ ಹೆಪ್ಪುಗಟ್ಟಿಸುವ ಕಣಗಳು. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು. 50,000ಕ್ಕಿಂತ ಕೆಳಗೆ ಬಂದರೆ ಕ್ಯಾನ್ಸರ್ ಡಾಕ್ಟರ್ ಒಪ್ಪದೆ ಸೂಜಿ ಬೇಡ. 20,000–25,000ಕ್ಕೆ ಇಳಿದಿದ್ದರೆ ಯಾರು ಏನೇ ಹೇಳಲಿ, ಬೇಡವೇ ಬೇಡ.

ಎರಡನೆಯದು ನ್ಯೂಟ್ರೋಫಿಲ್, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ. ಕೆಲವು ಲ್ಯಾಬ್‌ನವರು ಎಎನ್‌ಸಿ ಅಂತ ಸೀದಾ ಸಂಖ್ಯೆ ಕೊಡುತ್ತಾರೆ, ಕೆಲವರು ಶೇಕಡಾ ಮಾತ್ರ ಕೊಡುತ್ತಾರೆ. ಆಗ ನೀವೇ ಲೆಕ್ಕ ಹಾಕಿ. ಒಟ್ಟು ಬಿಳಿ ರಕ್ತಕಣ 2,400 ಇದ್ದು ನ್ಯೂಟ್ರೋಫಿಲ್ ಶೇ. 40 ಅಂತಿದ್ದರೆ, 2,400ರಲ್ಲಿ ಶೇ. 40 ಅಂದ್ರೆ 960. ಈ ಸಂಖ್ಯೆ 1,000ಕ್ಕಿಂತ ಕಡಿಮೆ ಇದ್ದರೆ ಸೂಜಿ ಮುಂದೂಡಿ. 500ಕ್ಕಿಂತ ಕಡಿಮೆ ಇದ್ದರೆ ಸೂಜಿ ಹಾಗಿರಲಿ, ಜನ ಸೇರುವ ಕಡೆ ಹೋಗುವುದೇ ಅಪಾಯ. ಈ ಮಿತಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಕೊಂಚ ಬದಲಾಗುತ್ತವೆ. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಹೇಳಿದರೆ ಅದೇ ಲೆಕ್ಕ.

ಕೌಂಟ್ ಯಾವಾಗ ಕುಸಿಯುತ್ತದೆ ಅನ್ನುವುದೂ ಗೊತ್ತಿರಲಿ. ಹೆಚ್ಚಿನ ಕೀಮೋಗಳಲ್ಲಿ ಔಷಧಿ ಕೊಟ್ಟ 7ರಿಂದ 14ನೇ ದಿನದ ಒಳಗೆ ಅತಿ ಕೆಳಗೆ ಹೋಗಿ, ಆಮೇಲೆ ಏರುತ್ತದೆ. 21 ದಿನಕ್ಕೊಂದು ಕೀಮೋ ಆದರೆ ನಡುವಿನ ಆ ವಾರವನ್ನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಹಾಕಿ ಬಿಟ್ಟುಬಿಡಿ. ಮುಂದಿನ ಕೀಮೋಗೆ ಅಂತ ಮಾಡಿಸಿದ ರಿಪೋರ್ಟ್ ಕೈಗೆ ಬರುತ್ತದಲ್ಲ, ಕೌಂಟ್ ಚೆನ್ನಾಗಿದ್ದರೆ ಅದನ್ನೇ ಹಿಡಿದು ಕೀಮೋದ ಹಿಂದಿನ ದಿನವೋ ಅಥವಾ ಮರುದಿನವೋ ಹೋಗುವುದು ಅನುಕೂಲ. ವಾಕರಿಕೆ ಜೋರಾಗಿರುವುದೂ ಕೀಮೋ ಆದ ಆ ಒಂದೆರಡು ದಿನಗಳಲ್ಲೇ ಅಲ್ವಾ.

ನಾಲ್ಕನೆಯದು: ಯಾರ ಹತ್ತಿರ ಹೋಗಬೇಕು

ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಹೊಸದಲ್ಲ. 1938ರಲ್ಲಿ ಡಾ. ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಡಾ. ಬಿಜೊಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಕಲಿತು ಬಂದು ಕೋಲ್ಕತ್ತಾದಲ್ಲಿ ಶುರು ಮಾಡಿದರು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೆಂದೇ ಕಾನೂನು ಇದೆ. 2019ರಲ್ಲಿ ಕೇಂದ್ರ ಸರ್ಕಾರವೂ ಇದನ್ನು ಒಂದು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಅಂತ ಒಪ್ಪಿತು. ಆದರೂ ವಾರಾಂತ್ಯದ ಕೋರ್ಸ್ ಮಾಡಿ ಗೋಡೆಗೆ ಸರ್ಟಿಫಿಕೇಟ್ ನೇತುಹಾಕಿದವರೂ ಇದ್ದಾರೆ, ವರ್ಷಗಟ್ಟಲೆ ಓದಿದವರೂ ಇದ್ದಾರೆ. ಬೋರ್ಡ್ ನೋಡಿ ಗುರುತಿಸಲು ಆಗುವುದಿಲ್ಲ.

ಕರ್ನಾಟಕದಲ್ಲಿ ನಮಗೊಂದು ಅನುಕೂಲ ಇದೆ. ಬಿಎನ್‌ವೈಎಸ್ ಅಂತ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅದರ ಪಾಠದಲ್ಲೇ ಅಕ್ಯುಪಂಕ್ಚರ್ ಇದೆ, ಜೊತೆಗೆ ಶರೀರ ರಚನೆ, ರೋಗ ಪರೀಕ್ಷೆ ಎಲ್ಲ ಓದಿರುತ್ತಾರೆ. ಉಜಿರೆಯ ಎಸ್‌ಡಿಎಂ ಕಾಲೇಜು, ಮೈಸೂರಿನ ಸರ್ಕಾರಿ ಪ್ರಕೃತಿ ಚಿಕಿತ್ಸಾ ಕಾಲೇಜು ಇಂಥ ಕಡೆ ಈ ಪದವಿ ಓದಿಸುತ್ತಾರೆ. ಎಂಬಿಬಿಎಸ್ ಆಗಿ ಆಮೇಲೆ ಅಕ್ಯುಪಂಕ್ಚರ್ ಕಲಿತವರು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಕ್ಯಾನ್ಸರ್ ಆಸ್ಪತ್ರೆಯಲ್ಲೇ ನೋವು ಶಮನದ ವಿಭಾಗ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಸುಲಭ. ಹ್ಯೂಸ್ಟನ್‌ನ ಎಂಡಿ ಆಂಡರ್ಸನ್, ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್‌ನಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಾಮೂಲಿ ಚಿಕಿತ್ಸೆ ಜೊತೆ ಇಂಥವನ್ನೂ ಸೇರಿಸಿ ಕೊಡುವ ಇಂಟಿಗ್ರೇಟಿವ್ ಮೆಡಿಸಿನ್ ಅಂತ ವಿಭಾಗವೇ ಇದೆ, ಅಲ್ಲಿ ನಿಮ್ಮ ಕೌಂಟ್ ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ಫೋನಿನಲ್ಲೇ ಕೇಳಿ: ನಿಮ್ಮ ಪದವಿ ಏನು, ನೋಂದಣಿ ಸಂಖ್ಯೆ ಇದೆಯಾ, ಕೀಮೋ ನಡೆಯುತ್ತಿರುವವರಿಗೆ ಮುಂಚೆ ಮಾಡಿದ್ದೀರಾ. ಕೊನೆಗೆ ಒಂದು ಪರೀಕ್ಷೆಯ ಪ್ರಶ್ನೆ: "ಬರುವಾಗ ಏನು ತರಬೇಕು?" ರಕ್ತದ ರಿಪೋರ್ಟ್ ಮತ್ತು ಡಿಸ್ಚಾರ್ಜ್ ಸಮ್ಮರಿ ತನ್ನಿ ಅಂದವರನ್ನು ನಂಬಬಹುದು. "ಏನೂ ಬೇಡ, ನಾಡಿ ನೋಡಿದ್ರೆ ಗೊತ್ತಾಗುತ್ತೆ" ಅಂದವರಿಗೆ ನಮಸ್ಕಾರ ಹೇಳಿ ಫೋನ್ ಇಡಿ.

ನಾವು ವಿಚಾರಿಸಿದ ಒಂದು ಕಡೆ "ಮೊದಲು ಕೀಮೋ ನಿಲ್ಲಿಸಿ, ಅದು ವಿಷ, ಆಮೇಲೆ ನಾವು ನೋಡ್ಕೋತೀವಿ" ಅಂದರು. ಇದನ್ನು ಕೇಳಿ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾಕಂದ್ರೆ ಕೀಮೋದಿಂದ ಸುಸ್ತಾದ ಮನುಷ್ಯನಿಗೆ ಕೇಳಬೇಕು ಅನ್ನಿಸುವ ಮಾತೇ ಅದು, ಅವರು ಆ ಸುಸ್ತನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಕೀಮೋ ಬಿಡಿ ಅನ್ನುವ ಬಾಯಿ ಯಾರದೇ ಆಗಿರಲಿ, ಆ ಬಾಗಿಲಿಗೆ ಮತ್ತೆ ಹೋಗಬೇಡಿ.

ಐದನೆಯದು: ಹೋದ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆ ಸುತ್ತುತ್ತದೆ. ಎರಡು ಇಡ್ಲಿಯೋ ಸ್ವಲ್ಪ ಗಂಜಿಯೋ ಸಾಕು. ಮೊಣಕೈ, ಮಂಡಿವರೆಗೆ ಮಡಚಲು ಬರುವ ಸಡಿಲ ಬಟ್ಟೆ ಹಾಕಿ. ಜೊತೆಗೊಬ್ಬರು ಇರಲಿ.

ಕೂತು ಅಲ್ಲ, ಮಲಗಿಯೇ ಮಾಡಿಸಿಕೊಳ್ಳಿ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಹಿಂದೆ ಪ್ಲಾಸ್ಟಿಕ್, ಮುಂದೆ ಕಾಗದ ಅಂಟಿಸಿದ ಸಣ್ಣ ಪೊಟ್ಟಣ, ಮೇಲೆ ಅವಧಿ ಮುಗಿಯುವ ತಾರೀಖು. ಒಳಗೆ ಕೂದಲಿಗಿಂತ ಕೊಂಚ ದಪ್ಪ, ಕಾಲು ಮಿಲಿಮೀಟರ್ ಅಥವಾ ಅದಕ್ಕೂ ಸಣ್ಣ ಸೂಜಿ, ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳು ಇರುವುದಿಲ್ಲ. ಸ್ಪಿರಿಟ್ ಹಚ್ಚಿ ಒರೆಸಿ, ಒಂದು ಸಣ್ಣ ಕೊಳವೆಯನ್ನು ಚರ್ಮದ ಮೇಲಿಟ್ಟು ಬೆರಳಲ್ಲಿ ಟಕ್ ಅಂತ ತಟ್ಟುತ್ತಾರೆ. ಚಿಕ್ಕಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು "ಆಯ್ತಾ?" ಅಂತ ಕೇಳಿದರು. ಮೂರು ಆಗಲೇ ಆಗಿತ್ತು. "ಅಮ್ಮಾ, ಭಾರ ಅನಿಸ್ತಿದೆಯಾ, ಚುಚ್ಚಿದ ಹಾಗೆ ಅನಿಸ್ತಿದೆಯಾ?" ಅಂತ ಆ ಡಾಕ್ಟರ್ ಪ್ರತಿ ಸೂಜಿಗೂ ಕೇಳುತ್ತಿದ್ದರು. ಭಾರ, ಜುಮ್ಮೆನ್ನುವುದು, ಒಳಗೆ ಎಳೆದಂತಾಗುವುದು ಸಹಜ. ಚುರುಕ್ಕಂತ ಉರಿದರೆ, ಕರೆಂಟ್ ಹೊಡೆದಂತಾದರೆ ತಕ್ಷಣ ಹೇಳಿ, ಜಾಗ ಬದಲಿಸುತ್ತಾರೆ. ಸುಮ್ನೆ ಹಲ್ಲು ಕಚ್ಚಿಕೊಂಡು ಸಹಿಸಬೇಡಿ.

ಹಾಗೇ 20–30 ನಿಮಿಷ ಮಲಗಿರಬೇಕು, ಎಷ್ಟೋ ಜನ ನಿದ್ದೆ ಹೋಗುತ್ತಾರೆ. ಬಟ್ಟೆ ಸರಿದು ಒಂದು ಸೂಜಿ ಕಾಣದೆ ಉಳಿಯಬಹುದು, ಹಾಗಾಗಿ ಹಾಕಿದ್ದೆಷ್ಟು, ತೆಗೆದಿದ್ದೆಷ್ಟು ಅಂತ ಜೊತೆಗೆ ಹೋದವರು ಎಣಿಸಲಿ. ತೆಗೆದ ಸೂಜಿ ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಕ್ಕೆ ಹೋಗಬೇಕು, ತೊಳೆದು ಮತ್ತೆ ಬಳಸುವುದಕ್ಕಲ್ಲ. ಎದೆ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಆಳವಾಗಿ ಹಾಕಿದರೆ ಬಹಳ ಅಪರೂಪಕ್ಕೆ ಶ್ವಾಸಕೋಶಕ್ಕೆ ತಾಗುವುದುಂಟು. ವಾಕರಿಕೆಗೋ ಬಾಯಿ ಒಣಗುವುದಕ್ಕೋ ಆ ಜಾಗಗಳೇ ಬೇಕಿಲ್ಲ, ಬೇಡ ಅಂತ ಮೊದಲೇ ಹೇಳಿ. ಬೆಂಕಿ ಕಾವು ಕೊಡುವುದು, ಕಪ್ ಇಟ್ಟು ರಕ್ತ ಎಳೆಯುವುದು, ಕುಡಿಯಲು ಮೂಲಿಕೆ ಕಷಾಯ ಇವನ್ನೂ ಸೇರಿಸುತ್ತೇವೆ ಅಂದರೆ ಬೇಡ ಅನ್ನಿ. ಅದರಲ್ಲೂ ಕಷಾಯ ಕೀಮೋ ಔಷಧಿಯ ಜೊತೆ ಏನು ಮಾಡುತ್ತದೋ ಹೇಳಲಾಗದು.

ಆರನೆಯದು: ಬರೆದಿಡಿ, ಆಗದಿದ್ದರೆ ನಿಲ್ಲಿಸಿ

ಮೊದಲ ಸೂಜಿಗೂ ಮುಂಚೆ ಒಂದು ವಾರ ಪುಸ್ತಕದಲ್ಲಿ ಬರೆಯಿರಿ. ದಿನಕ್ಕೊಂದು ಸಾಲು. ನೋವೋ ವಾಕರಿಕೆಯೋ 0ಯಿಂದ 10ರಲ್ಲಿ ಎಷ್ಟು, ಎಷ್ಟು ಸಲ ವಾಂತಿ, ಎಷ್ಟು ಊಟ ಸೇರಿತು, ನಿದ್ದೆ ಬಂತಾ. ಸೂಜಿ ಶುರುವಾದ ಮೇಲೂ ಅದನ್ನೇ ಮುಂದುವರಿಸಿ. ಹೀಗೆ ಬರೆಯದಿದ್ದರೆ, ದುಡ್ಡು ಕೊಟ್ಟಿದ್ದಕ್ಕೆ ಚೆನ್ನಾಗಿದೆ ಅನ್ನಿಸುತ್ತದೆ ಅಥವಾ ಒಂದು ಕೆಟ್ಟ ದಿನಕ್ಕೆ ಏನೂ ಪ್ರಯೋಜನ ಇಲ್ಲ ಅನ್ನಿಸುತ್ತದೆ.

ಮೇಲೆ ಹೇಳಿದ ಕೀಲು ನೋವಿನ ಅಧ್ಯಯನದಲ್ಲಿ ವಾರಕ್ಕೆ ಎರಡು ಸಲದಂತೆ 6 ವಾರ, ಆಮೇಲೆ ವಾರಕ್ಕೊಂದರಂತೆ ಇನ್ನೂ 6 ವಾರ ಮಾಡಿದ್ದರು. ಇಲ್ಲಿ ಎಲ್ಲರಿಗೂ ಅಷ್ಟು ಸಲ ಹೋಗಲಾಗದು, ಖರ್ಚೂ ಹೆಚ್ಚು. ನನ್ನ ಅಭಿಪ್ರಾಯ, ಮೊದಲ ಐದಾರು ಸಲಕ್ಕೆ ಪುಸ್ತಕದಲ್ಲಿ ಒಂದು ಅಂಕವೂ ಇಳಿಯದಿದ್ದರೆ ಬಿಟ್ಟುಬಿಡಿ. 20 ಸಲದ ಪ್ಯಾಕೇಜ್‌ಗೆ ಮುಂಗಡ ಕಟ್ಟಬೇಡಿ. ರಾಯಚೂರಿಂದಲೋ ಶಿರಸಿಯಿಂದಲೋ ಬೆಂಗಳೂರಿಗೆ ಕೀಮೋಗೆ ಬರುವವರು ಸೂಜಿಗೆಂದೇ ಇನ್ನೊಂದು ರಾತ್ರಿ ಬಸ್ಸು ಹತ್ತುವುದು ಬೇಡ. ಆ ಪ್ರಯಾಣದ ದಣಿವು ಸೂಜಿ ಕೊಡುವ ಆರಾಮಕ್ಕಿಂತ ದೊಡ್ಡದು.

ಮನೆಗೆ ಬಂದ ಮೇಲೆ ಸಣ್ಣ ನೀಲಿ ಕಲೆ, ಒಂದು ಹನಿ ರಕ್ತ, ಒಂದಿಷ್ಟು ಮಂಪರು ಇದ್ದರೆ ಗಾಬರಿ ಬೇಡ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಡೋಲೋ ನುಂಗಿ ಬೆಳಗಿನವರೆಗೆ ಕಾಯಬೇಡಿ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಕೀಮೋ ನಡೆಯುತ್ತಿದೆ ಅಂತ ಬಾಗಿಲಲ್ಲೇ ಹೇಳಿ. ಉಸಿರು ಕಟ್ಟುವುದು, ಎದೆಯಲ್ಲಿ ಚಳುಕು, ನಿಲ್ಲದ ರಕ್ತ, ಸೂಜಿ ಹಾಕಿದ ಜಾಗ ಕೆಂಪಾಗಿ ಊದುವುದು, ಇವಕ್ಕೂ ಅಷ್ಟೇ.

ಸೂಜಿ ಆಗದವರಿಗೆ

ಕೌಂಟ್ ಇಳಿದಿದೆ, ಊರಲ್ಲಿ ಯಾರೂ ಇಲ್ಲ, ಸೂಜಿ ಅಂದ್ರೆ ಭಯ, ಹೀಗಿದ್ದವರು ವಾಕರಿಕೆಗೆ ಬೆರಳಲ್ಲೇ ಒತ್ತಬಹುದು. ಖರ್ಚಿಲ್ಲ. ಅಂಗೈ ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ಮಣಿಕಟ್ಟಿನ ಗೆರೆಯ ಪಕ್ಕ, ಮೊಣಕೈ ಕಡೆಗೆ, ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಬೇರೆಯವರು ಒತ್ತಿಕೊಡುವುದಾದರೂ ರೋಗಿಯ ಬೆರಳೇ ಅಳತೆ, ಅವರದಲ್ಲ. ಮೂರನೇ ಬೆರಳು ಮುಗಿಯುವಲ್ಲಿ ಹೆಬ್ಬೆರಳಿಟ್ಟು ಮುಷ್ಟಿ ಹಿಡಿದು ಕೈ ಸ್ವಲ್ಪ ಒಳಗೆ ಬಾಗಿಸಿದರೆ ಎರಡು ಹುರಿಗಳು ಎದ್ದು ಸಿಗುತ್ತವೆ, ಅವೆರಡರ ನಡುವಿನ ತಗ್ಗೇ ಜಾಗ. ಆಮೇಲೆ ಕೈ ಸಡಿಲ ಬಿಡಿ. ಹೆಬ್ಬೆರಳಲ್ಲಿ ಒತ್ತಿ, ಚರ್ಮ ಉಜ್ಜದೆ ಸಣ್ಣದಾಗಿ ಸುತ್ತಿಸುತ್ತಾ ಎರಡು ಮೂರು ನಿಮಿಷ. ಹಿತವಾದ ನೋವು ಬರುವಷ್ಟು ಒತ್ತಡ ಸಾಕು. ಪ್ಲೇಟ್‌ಲೆಟ್ ಕಡಿಮೆ ಇದ್ದವರು ಮೆತ್ತಗೆ ಒತ್ತಿ, ಕಪ್ಪು ಕಲೆ ಮೂಡಿದರೆ ನಿಲ್ಲಿಸಿ. ಕೀಮೋಗೆ ಹೊರಡುವ ಬೆಳಗ್ಗೆ ಒಮ್ಮೆ, ಡ್ರಿಪ್ ಹಾಕಿದ ಕೈ ಬಿಟ್ಟು ಇನ್ನೊಂದರಲ್ಲಿ ನಡುವೆ ಒಮ್ಮೆ, ಮನೆಗೆ ಬಂದು ಊಟಕ್ಕೆ ಅರ್ಧ ಗಂಟೆ ಮುಂಚೆ ಒಮ್ಮೆ. ಈ ಜಾಗಕ್ಕೆ ಗುಂಡಿ ಒತ್ತುವ ಎಲಾಸ್ಟಿಕ್ ಪಟ್ಟಿಗಳೂ ಮೆಡಿಕಲ್ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಗಂಟು ತೆಗೆದ ಕಡೆಯ ಕೈಗೆ ಮಾತ್ರ ಆ ಪಟ್ಟಿ ಕಟ್ಟಬೇಡಿ, ತೋಳು ಊದಿಕೊಳ್ಳುವ ಸಾಧ್ಯತೆ ಇರುವುದು ಆ ಕಡೆಗೇ.